ಟ್ಯೂರಿಂಗ್ ಮಹಾಶಯರ ಜೀವನವೂ ಮೈಯಿಲ್ಲದ ಬುದ್ಧಿಯೂ

ಬೆಂಗಳೂರಿನ ಹೊರವಲಯದಲ್ಲಿ ಮೂರು ದಿಕ್ಕಿಗೆ ಮೂರು ಉದ್ಯೋಗನಗರಗಳು ಬೆಳೆದು ನಿಂತಿವೆ. ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. 1882ರಲ್ಲಿ ಆಂಗ್ಲೋ-ಇಂಡಿಯನ್ ಜನರ ಪುಟ್ಟ ಹಳ್ಳಿಯಾಗಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಗಾಜಿನ ಸೌಧಗಳ ಊರಾಗಿದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಆರಿಸಿಕೊಂಡ ನೆಲವೇ ಎಲೆಕ್ಟ್ರಾನಿಕ್ ಸಿಟಿಯಾಗಿದೆ. ಇವೆರಡರಲ್ಲಿ ನಡೆಯುವುದು ತಲೆಯ ಕೆಲಸ, ಪೀಣ್ಯದಲ್ಲಿ ನಡೆಯುವುದು ಕೈಯ ಕೆಲಸ ಎಂದು ಜನ ಹೇಳುವುದುಂಟು. ಹಾಗೆ ಹೇಳುವಾಗ ತಲೆಯ ಕೆಲಸಕ್ಕೆ ಮಣೆ ಹಾಕಿ, ಕೈಯ ಕೆಲಸವನ್ನು ಜಗುಲಿಯ ಮೇಲೆಯೇ ನಿಲ್ಲಿಸಿ ಮಾತನಾಡಿಸುವುದು ನಮ್ಮ ಸಮಾಜದ ಹಳೆಯ ವಾಡಿಕೆ.

ಈಗ ಎಲ್ಲರ ಬಾಯಲ್ಲೂ ಇರುವ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಈ ವಿಂಗಡಣೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ? ಮನುಷ್ಯನ ಬುದ್ಧಿಯು ಅವನ ತಲೆಯೊಳಗೆ ಮಾತ್ರ ಇದೆಯೋ, ಅಥವಾ ಕಣ್ಣು, ಕಿವಿ, ಕೈ, ಕಾಲು, ಹಸಿವು, ದಣಿವುಗಳಲ್ಲಿಯೂ ಹರಡಿಕೊಂಡಿದೆಯೋ? ಯಂತ್ರಕ್ಕೆ ಬುದ್ಧಿ ಕೊಡಬೇಕಾದರೆ ಅದಕ್ಕೆ ಮೈಯನ್ನೂ ಕೊಡಬೇಕೆ? ಗಣಕಯಂತ್ರಗಳು ಆಗತಾನೆ ಕಣ್ಣುಬಿಡುತ್ತಿದ್ದ ಕಾಲದಲ್ಲಿಯೇ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ, ಅದಕ್ಕಿರುವ ಎರಡು ದಾರಿಗಳನ್ನು ತೋರಿಸಿ, ತಿಳಿದೂ ತಿಳಿದೂ ಒಂದನ್ನು ಆರಿಸಿಕೊಂಡ ಮಹನೀಯರು ಇಂಗ್ಲೆಂಡಿನ ಅಲನ್ ಮ್ಯಾಥಿಸನ್ ಟ್ಯೂರಿಂಗ್. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಅವರ ಗಣಿತದ ಆಳಕ್ಕೆ ಇಳಿಯಲು ಹೋಗುವುದಿಲ್ಲ. ಅವರ ಬಾಳಿನ ಕಥೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ನನಗೆ ಕಂಡಷ್ಟು ವಾಚಕರ ಮುಂದಿಡುತ್ತೇನೆ.

ಟ್ಯೂರಿಂಗ್ ಅವರ ವಂಶಕ್ಕೂ ನಮ್ಮ ಕಡೆಯ ನೆಲಕ್ಕೂ ಒಂದು ನಂಟಿದೆಯೆಂಬುದು ಬಹುಜನಕ್ಕೆ ತಿಳಿಯದ ಸಂಗತಿ. ತಂದೆ ಜೂಲಿಯಸ್ ಟ್ಯೂರಿಂಗ್ ಅವರು ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿ ಮದರಾಸು ಪ್ರಾಂತದಲ್ಲಿ ಅಧಿಕಾರಿಯಾಗಿದ್ದವರು. ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ ಅವರು ಕೆಲಸ ಮಾಡಿದ್ದರು. ತಾಯಿ ಎಥೆಲ್ ಸಾರಾ ಅವರು ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಎಂಬವರು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರು. ತುಂಗಭದ್ರೆಗೆ ರೈಲುಸೇತುವೆ ಕಟ್ಟಿಸಿದವರು. ದೊರೆಗಳ ನೆತ್ತಿಯ ಮೇಲೆ ತೂಗುವ ಪಂಕವು ಕಿರುಗುಟ್ಟದಂತೆ ಒಂದು ಚಕ್ರವನ್ನು ಕಂಡುಹಿಡಿದು ಅದಕ್ಕೆ ಪೇಟೆಂಟು ಪಡೆದವರೂ ಅವರೇ. ಆ ಪಂಕವನ್ನು ಎಳೆಯುತ್ತಿದ್ದವನು ಮಾತ್ರ ಎಂದಿನಂತೆ ಮೂಲೆಯಲ್ಲಿ ಕುಳಿತ ಕೂಲಿಯಾಳು. ಸದ್ದು ನಿಂತಿತು, ತೋಳಿನ ಕೆಲಸ ನಿಲ್ಲಲಿಲ್ಲ.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಮಗುವಿಗೆ ಒಂದೂಕಾಲು ವರ್ಷವಾದಾಗ ತಾಯಿಯೂ ತಂದೆಯ ಹಿಂದೆ ಇಂಡಿಯಾಕ್ಕೆ ಹೊರಟುಬಿಟ್ಟರು. ಇಲ್ಲಿಯ ಬಿಸಿಲು ಮಗುವಿಗೆ ಒಗ್ಗದೆಂಬ ಭಯದಿಂದ ಅಲನ್ ಮತ್ತು ಅವನ ಅಣ್ಣ ಜಾನ್ ಇಬ್ಬರನ್ನೂ ಸಮುದ್ರತೀರದ ಊರೊಂದರಲ್ಲಿ ಒಬ್ಬ ನಿವೃತ್ತ ಸೈನ್ಯಾಧಿಕಾರಿಯ ಮನೆಯಲ್ಲಿ ಬಿಟ್ಟಿದ್ದರು. ತಾಯಿತಂದೆಯರು ವರ್ಷಗಟ್ಟಲೆ ಹಡಗಿನಾಚೆ ಇದ್ದುದರಿಂದ ಅವರ ಪಾಲಿಗೆ ಮಕ್ಕಳೂ, ಮಕ್ಕಳ ಪಾಲಿಗೆ ಅವರೂ ಹೆಚ್ಚಾಗಿ ಕಾಗದದ ಮೇಲಿನ ಅಕ್ಷರಗಳೇ ಆಗಿದ್ದರು. ಮುಂದೆ ಬುದ್ಧಿಯನ್ನು ಪರೀಕ್ಷಿಸಲು ಗೋಡೆಯಾಚೆ ಕುಳಿತು ಬರಹದಲ್ಲಿ ಮಾತನಾಡುವ ಉಪಾಯವನ್ನು ಹೂಡಿದವರ ಬಾಲ್ಯ ಹೀಗಿತ್ತೆಂಬುದು ನನಗೆ ಗಮನಾರ್ಹವೆನಿಸುತ್ತದೆ. ಆದರೆ ಇದರಿಂದಲೇ ಅದು ಹುಟ್ಟಿತೆಂದು ಹೇಳುವ ಧೈರ್ಯ ನನಗಿಲ್ಲ.

ಹುಡುಗನು ಯಾರ ನೆರವೂ ಇಲ್ಲದೆ ಮೂರು ವಾರಗಳಲ್ಲಿ ಓದುವುದನ್ನು ಕಲಿತನಂತೆ. ಅಂಕಿಗಳ ಹುಚ್ಚು ಎಷ್ಟಿತ್ತೆಂದರೆ, ದಾರಿಯಲ್ಲಿ ಪ್ರತಿಯೊಂದು ದೀಪದ ಕಂಬದ ಬಳಿಯೂ ನಿಂತು ಅದರ ಸಂಖ್ಯೆಯನ್ನು ಓದಿಯೇ ಮುಂದೆ ಹೋಗುತ್ತಿದ್ದನು. ಇಷ್ಟು ಚುರುಕಾದ ಹುಡುಗನಿಗೆ ಎಡ ಯಾವುದು ಬಲ ಯಾವುದು ಎಂಬುದು ಮಾತ್ರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ತನ್ನ ಎಡಗೈಯ ಹೆಬ್ಬೆರಳಿನ ಮೇಲೆ ಕೆಂಪು ಬಣ್ಣದ ಒಂದು ಬೊಟ್ಟನ್ನು ಇಟ್ಟುಕೊಂಡು, ಅದನ್ನು ತನ್ನ ಅರಿವಿನ ಚುಕ್ಕೆಯೆಂದು ಕರೆದುಕೊಂಡನು. ತಲೆಯಲ್ಲಿ ನಿಲ್ಲದ ತಿಳಿವಳಿಕೆಯನ್ನು ಬೆರಳಿನಲ್ಲಿ ಇಟ್ಟುಕೊಂಡನೆಂದು ಇದರ ಅರ್ಥ. ನಮ್ಮ ಅಜ್ಜಿಯಂದಿರು ಮರೆಯಬಾರದ ಮಾತಿಗೆ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದುದೂ, ಬೆರಳಿನ ಗೆಣ್ಣುಗಳ ಮೇಲೆ ಲೆಕ್ಕ ಎಣಿಸುತ್ತಿದ್ದುದೂ ಇದೇ ಜಾತಿಯ ಜಾಣತನವಲ್ಲವೆ?

1926ರ ಮೇ ತಿಂಗಳಲ್ಲಿ ಅಲನ್ ಷೆರ್ಬರ್ನ್ ಎಂಬಲ್ಲಿಯ ಶಾಲೆಗೆ ಸೇರಬೇಕಾಗಿತ್ತು. ಅಷ್ಟರಲ್ಲಿ ದೇಶದಾದ್ಯಂತ ಸಾರ್ವತ್ರಿಕ ಮುಷ್ಕರವಾಗಿ ರೈಲುಗಳು ನಿಂತುಹೋದವು. ಹದಿಮೂರು ವರ್ಷದ ಹುಡುಗನು ಸೌತಾಂಪ್ಟನ್ನಿನಲ್ಲಿ ಹಡಗಿನಿಂದ ಇಳಿದವನೇ ಸೈಕಲ್ಲು ಹತ್ತಿ, ನಡುವೆ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ದೂರದ ಶಾಲೆಯನ್ನು ಒಬ್ಬನೇ ಸೇರಿದನು. ಆ ಶಾಲೆಯಲ್ಲಿ ಕ್ರಿಸ್ಟೋಫರ್ ಮೊರ್ಕಮ್ ಎಂಬ ಮೇಧಾವಿ ಹುಡುಗನ ಗೆಳೆತನ ದೊರೆಯಿತು. ಇಬ್ಬರೂ ಕೂಡಿ ನಕ್ಷತ್ರಗಳನ್ನು ನೋಡಿದರು, ರಸಾಯನದ ಪ್ರಯೋಗಗಳನ್ನು ಮಾಡಿದರು. 1930ರ ಫೆಬ್ರವರಿಯಲ್ಲಿ ಆ ಗೆಳೆಯನು ಕ್ಷಯರೋಗದಿಂದ ತೀರಿಕೊಂಡನು. ಈ ಪೆಟ್ಟು ಬಹಳ ಆಳವಾಗಿ ತಗುಲಿತು. ಮೈ ಅಳಿದ ಮೇಲೆ ಮನಸ್ಸು ಏನಾಗುತ್ತದೆ, ಮನಸ್ಸು ಮೈಯನ್ನು ಹಿಡಿದಿರುವುದು ಹೇಗೆ ಎಂಬ ಚಿಂತೆಯು ಆ ಎಳೆಯ ವಯಸ್ಸಿನಲ್ಲೇ ಅವರನ್ನು ಹಿಡಿಯಿತು. ಗೆಳೆಯನ ತಾಯಿಗೆ ಬರೆದ ಕಾಗದಗಳಲ್ಲಿ ಈ ವಿಚಾರವನ್ನೇ ಮತ್ತೆ ಮತ್ತೆ ಕೆದಕಿದ್ದಾರೆ.

1931ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದ ಟ್ಯೂರಿಂಗ್ ಅವರು 1935ರಲ್ಲಿ, ಕೇವಲ 22ನೆಯ ವಯಸ್ಸಿನಲ್ಲಿ, ಅಲ್ಲಿಯ ಫೆಲೋ ಆಗಿ ಆಯ್ಕೆಯಾದರು. ಆಗ ಗಣಿತಲೋಕದಲ್ಲಿ ಜರ್ಮನಿಯ ಹಿಲ್ಬರ್ಟ್ ಎಂಬ ವಿದ್ವಾಂಸರು ಎತ್ತಿದ್ದ ಒಂದು ಸಮಸ್ಯೆ ಇತ್ತು. ಯಾವುದೇ ಗಣಿತವಾಕ್ಯವನ್ನು ಕೊಟ್ಟರೂ ಅದನ್ನು ಸಾಧಿಸಬಹುದೋ ಇಲ್ಲವೋ ಎಂದು ಕ್ರಮವಾಗಿ ಹೇಳಿಬಿಡುವ ಒಂದು ವಿಧಾನವಿದೆಯೆ ಎಂಬುದು ಆ ಸಮಸ್ಯೆ. ಟ್ಯೂರಿಂಗ್ ಅವರಿಗೆ ಓಟದ ಅಭ್ಯಾಸವಿತ್ತು. 1935ರ ಬೇಸಗೆಯಲ್ಲಿ ದೂರದ ಓಟ ಮುಗಿಸಿ ಊರಾಚೆಯ ಹುಲ್ಲುಗಾವಲಿನಲ್ಲಿ ಮಲಗಿದ್ದಾಗ ಉತ್ತರದ ದಾರಿ ಹೊಳೆಯಿತೆಂದು ಅವರೇ ಮುಂದೆ ಗೆಳೆಯರಿಗೆ ತಿಳಿಸಿದರು.

ಅವರು ಹಿಡಿದ ದಾರಿ ಬಹಳ ಸರಳ. ಲೆಕ್ಕ ಮಾಡುವ ಮನುಷ್ಯನು ನಿಜವಾಗಿ ಮಾಡುವುದೇನು ಎಂದು ನೋಡಿದರು. ಆ ಕಾಲದ ಇಂಗ್ಲಿಷಿನಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಹಾಕುವ ಗುಮಾಸ್ತ. ನಮ್ಮ ಹಳ್ಳಿಯ ಶಾನುಭೋಗರನ್ನು ನೆನೆಯಿರಿ. ಕಡತದ ಒಂದು ಅಂಕಿಯನ್ನು ಕಣ್ಣು ನೋಡುತ್ತದೆ, ಬಾಯಲ್ಲಿ ಕೈಗೂಡಿಸಿಕೊಂಡ ಅಂಕಿ ಒಂದಿರುತ್ತದೆ, ಬಳಪ ಹಿಡಿದ ಕೈ ಹೊಸ ಅಂಕಿಯನ್ನು ಬರೆಯುತ್ತದೆ ಇಲ್ಲವೆ ಹಳೆಯದನ್ನು ಒರಸುತ್ತದೆ, ಮತ್ತೆ ಪಕ್ಕದ ಮನೆಗೆ ಸರಿಯುತ್ತದೆ. ಟ್ಯೂರಿಂಗ್ ಅವರು ಈ ಗುಮಾಸ್ತನಿಂದ ಒಂದೊಂದನ್ನಾಗಿ ಕಳೆಯುತ್ತ ಹೋದರು. ಬೆನ್ನುನೋವು, ಹಸಿವು, ಬೇಸರ, ಮುಖ, ಹೆಸರು ಎಲ್ಲವೂ ಹೋದವು. ಉಳಿದದ್ದು ಮನೆಮನೆಯಾಗಿ ಗೆರೆ ಹಾಕಿದ ಉದ್ದನೆಯ ಒಂದು ಪಟ್ಟಿ, ಒಂದು ಸಲಕ್ಕೆ ಒಂದೇ ಮನೆಯನ್ನು ನೋಡುವ ಕಣ್ಣು, ಬರೆದು ಅಳಿಸುವ ಕೈ, ಮತ್ತು ಕೆಲವು ನಿಯಮಗಳು. ಇಂಥದೊಂದು ಕಲ್ಪನಾಯಂತ್ರವು ಬೇರೆ ಯಾವುದೇ ಅಂತಹ ಯಂತ್ರದ ಕೆಲಸವನ್ನೂ ಮಾಡಬಲ್ಲುದೆಂದು ತೋರಿಸಿದರು. ಹಿಲ್ಬರ್ಟರು ಕೇಳಿದ ವಿಧಾನ ಇರಲಾರದೆಂದೂ ಸಾಧಿಸಿದರು. 1936ರ ಈ ಪ್ರಬಂಧವೇ ಇಂದಿನ ಎಲ್ಲ ಗಣಕಯಂತ್ರಗಳ ತಳಹದಿ. ಅಂದರೆ ಗಣಕಶಾಸ್ತ್ರ ಹುಟ್ಟಿದ್ದೇ ದುಡಿಯುವ ಮನುಷ್ಯನ ಮೈಯನ್ನು ಬಹಳ ಎಚ್ಚರದಿಂದ ನೋಡಿದ್ದರಿಂದ. ಬಳಿಕ ಆ ಮೈಯನ್ನು ಒಂದು ಕಣ್ಣು, ಒಂದು ಕೈಗೆ ಇಳಿಸಲಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ಟ್ಯೂರಿಂಗ್ ಅವರು ಕೈಗೆ ಮಸಿ ಮೆತ್ತಿಕೊಳ್ಳದ ಪಂಡಿತರೆಂದು ತಿಳಿಯಬಾರದು. ಅಮೆರಿಕಾದ ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದಾಗ ಅಲ್ಲಿಯ ಕಾರ್ಯಾಗಾರದಲ್ಲಿ ತಾವೇ ರಿಲೇಗಳಿಗೆ ತಂತಿ ಸುತ್ತಿ, ಗುಣಾಕಾರ ಮಾಡುವ ವಿದ್ಯುದ್ಯಂತ್ರವೊಂದನ್ನು ಕಟ್ಟತೊಡಗಿದರು. ಕೇಂಬ್ರಿಜ್ಜಿಗೆ ಹಿಂದಿರುಗಿದ ಮೇಲೆ 1939ರಲ್ಲಿ ರಾಯಲ್ ಸೊಸೈಟಿಯಿಂದ 40 ಪೌಂಡು ಪಡೆದು, ರೀಮಾನ್ ಎಂಬ ಗಣಿತಜ್ಞರು ಬಿಟ್ಟುಹೋದ ಒಂದು ಕಗ್ಗಂಟಿನ ಲೆಕ್ಕಕ್ಕಾಗಿ ಹಲ್ಲಿನ ಚಕ್ರಗಳ ಯಂತ್ರವೊಂದನ್ನು ಮಾಡಲು ಹೊರಟರು. ಇಂಜಿನಿಯರಿಂಗ್ ವಿಭಾಗದ ಯಂತ್ರಗಳ ಮುಂದೆ ನಿಂತು ಎಷ್ಟೋ ಗೇರುಗಳ ಹಲ್ಲುಗಳನ್ನು ತಾವೇ ಕಡಿದರು. ಅವರ ಕೊಠಡಿಯ ನೆಲದ ತುಂಬ ಚಕ್ರಗಳೇ ಬಿದ್ದಿರುತ್ತಿದ್ದುವಂತೆ. ಯುದ್ಧ ಬಂದುದರಿಂದ ಆ ಯಂತ್ರ ಪೂರ್ತಿಯಾಗಲಿಲ್ಲ.

ಗೇರು ಕಡಿಯುವುದೆಂದರೆ ಏನೆಂದು ನನಗೆ ಅಲ್ಪಸ್ವಲ್ಪ ಗೊತ್ತು. ನಮ್ಮ ತಂದೆಯವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್. ಟೂಲು ಮೊಂಡಾಗಿದೆಯೆಂಬುದನ್ನು ಅವರು ಅಳತೆ ನೋಡುವ ಮೊದಲೇ ಸದ್ದಿನಿಂದ ತಿಳಿಯುತ್ತಾರೆ. ಕೆಲಸ ಮುಗಿದ ತುಂಡಿನ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆದು, ಮೇಲ್ಮೈ ಒರಟೋ ನಯವೋ ಎಂದು ಹೇಳುತ್ತಾರೆ. ಬಳಿಕ ಮೈಕ್ರೋಮೀಟರು ಹಿಡಿದರೆ ಅದು ಅವರ ಮಾತಿಗೆ ಸಾಕ್ಷಿ ನುಡಿಯುತ್ತದೆ. ಇದನ್ನು ಹೇಗೆ ಕಂಡುಹಿಡಿಯುತ್ತೀರಿ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಕೈಗೆ ಗೊತ್ತಾಗುತ್ತದೆ ಎಂಬುದಕ್ಕಿಂತ ಹೆಚ್ಚಿನ ವಿವರಣೆ ಅವರಿಂದ ಬಂದಿಲ್ಲ. ನಮ್ಮ ಕನ್ನಡ ಭಾಷೆಯೂ ಇದನ್ನೇ ಹೇಳುತ್ತದೆ. ವಿದ್ಯೆ ಚೆನ್ನಾಗಿ ಬಂದರೆ ಮೈಗೂಡಿತು ಎನ್ನುತ್ತೇವೆ, ಕರಗತವಾಯಿತು ಎನ್ನುತ್ತೇವೆ. ಒಳ್ಳೆಯ ವೈದ್ಯನಿಗೂ ಅಡಿಗೆಯವರಿಗೂ ಕೈಗುಣವಿದೆ ಎನ್ನುತ್ತೇವೆ. ಪಾಕದ ಹದ, ಮಣ್ಣಿನ ಹದ, ಕಾಯಿಸಿದ ಕಬ್ಬಿಣದ ಹದ, ಇವು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆಯಲ್ಪಟ್ಟಿಲ್ಲ.

1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾದೊಡನೆ ಟ್ಯೂರಿಂಗ್ ಅವರು ಬ್ಲೆಚ್ಲಿ ಪಾರ್ಕ್ ಎಂಬಲ್ಲಿಯ ಗುಪ್ತಲಿಪಿ ಕಚೇರಿಗೆ ಸೇರಿದರು. ಜರ್ಮನರ ಎನಿಗ್ಮಾ ಯಂತ್ರದ ಗುಟ್ಟನ್ನು ಮೊದಲು ಒಡೆದವರು ಪೋಲೆಂಡಿನ ಗಣಿತಜ್ಞರು. ಆ ತಳಹದಿಯ ಮೇಲೆ ಟ್ಯೂರಿಂಗ್ ಅವರು ಬಾಂಬ್ ಎಂಬ ಹೆಸರಿನ ದೊಡ್ಡ ಯಂತ್ರವನ್ನು ರೂಪಿಸಿದರು. ಮೊದಲನೆಯದು 1940ರಲ್ಲಿ ಕೆಲಸ ಆರಂಭಿಸಿತು. ಜರ್ಮನ್ ನೌಕಾದಳದ ಸಂದೇಶಗಳನ್ನು ಓದುವ ವಿಭಾಗಕ್ಕೆ ಅವರೇ ಮುಖ್ಯಸ್ಥರಾದರು. ಅಟ್ಲಾಂಟಿಕ್ ಸಾಗರದಲ್ಲಿ ಎಷ್ಟೋ ಹಡಗುಗಳೂ ನಾವಿಕರೂ ಉಳಿದುದಕ್ಕೆ ಈ ಕೆಲಸ ಕಾರಣವಾಯಿತು. ಆ ಯಂತ್ರಗಳಿಗೆ ಹಗಲಿರುಳು ಪಾಳಿಯ ಮೇಲೆ ನಿಂತು ತಂತಿ ಸಿಕ್ಕಿಸುತ್ತಿದ್ದವರು, ಚಕ್ರ ಬದಲಾಯಿಸುತ್ತಿದ್ದವರು ನೌಕಾದಳಕ್ಕೆ ಸೇರಿದ ತರುಣಿಯರು. ಅವರ ಹೆಸರುಗಳನ್ನು ಬಹುಕಾಲ ಯಾರೂ ಎತ್ತಲಿಲ್ಲ. ಬುದ್ಧಿಯ ಕೆಲಸವೆಂದು ನಾವು ಕೊಂಡಾಡುವುದರ ಹಿಂದೆಯೂ ನಿಂತು ದಣಿದ ಕಾಲುಗಳಿರುತ್ತವೆ.

ಯುದ್ಧವು ಮುಗಿದ ಮೇಲೆ 1945ರಲ್ಲಿ ಅವರು ಲಂಡನ್ನಿನ ಬಳಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವನ್ನು ಸೇರಿ, ನಿಜವಾದ ಒಂದು ಗಣಕಯಂತ್ರದ ಯೋಜನೆಯನ್ನು ಬರೆದುಕೊಟ್ಟರು. ಕಟ್ಟುವ ಕೆಲಸ ಆಮೆಯ ವೇಗದಲ್ಲಿ ಸಾಗಿತು. ಆ ದಿನಗಳಲ್ಲಿ ಅವರು ಓಟವನ್ನು ಗಂಭೀರವಾಗಿ ಕೈಗೊಂಡರು. 1947ರಲ್ಲಿ ಅಮೆಚೂರ್ ಅಥ್ಲೆಟಿಕ್ ಸಂಸ್ಥೆಯ ಮ್ಯಾರಥಾನ್ ಸ್ಪರ್ಧೆಯಲ್ಲಿ 26 ಮೈಲಿಗಿಂತ ಹೆಚ್ಚಿನ ದೂರವನ್ನು 2 ಗಂಟೆ 46 ನಿಮಿಷ 3 ಸೆಕೆಂಡುಗಳಲ್ಲಿ ಓಡಿ ಐದನೆಯವರಾಗಿ ಬಂದರು. ಮರುವರ್ಷದ ಲಂಡನ್ ಒಲಿಂಪಿಕ್ಸಿನಲ್ಲಿ ಗೆದ್ದವನಿಗಿಂತ ಇದು 11 ನಿಮಿಷ ಮಾತ್ರ ಹೆಚ್ಚು. ಬುದ್ಧಿಯಂತ್ರದ ಕನಸು ಕಂಡವರು ಉಸಿರು, ಬೆವರು, ನೋವುಗಳೇನೆಂದು ಬಲ್ಲ ಗಟ್ಟಿಯಾಳು ಆಗಿದ್ದರೆಂಬುದನ್ನು ಮರೆಯಬಾರದು.

ಈಗ ನನ್ನ ಲೇಖನದ ಮುಖ್ಯ ಘಟ್ಟಕ್ಕೆ ಬರುತ್ತೇನೆ. 1948ರಲ್ಲಿ ಟ್ಯೂರಿಂಗ್ ಅವರು ಬುದ್ಧಿಯುಳ್ಳ ಯಂತ್ರಗಳನ್ನು ಕುರಿತು ಪ್ರಯೋಗಾಲಯಕ್ಕೆ ಒಂದು ವರದಿ ಬರೆದರು. ಅಲ್ಲಿಯ ನಿರ್ದೇಶಕರು ಅದನ್ನು ಶಾಲಾಹುಡುಗನ ಪ್ರಬಂಧದಂತಿದೆಯೆಂದು ತಳ್ಳಿಹಾಕಿದರು. ಟ್ಯೂರಿಂಗ್ ಅವರು ಬದುಕಿರುವ ತನಕ ಅದು ಅಚ್ಚಾಗಲೇ ಇಲ್ಲ. ಮನುಷ್ಯನಂಥ ಯಂತ್ರವನ್ನು ಮಾಡಲು ಒಂದು ದಾರಿ, ಮನುಷ್ಯನ ಅಂಗಾಂಗಗಳಿಗೆಲ್ಲ ಬದಲಿ ಕೊಡುವುದು ಎಂದು ಆ ವರದಿ ಹೇಳುತ್ತದೆ. ಕಣ್ಣಿಗೆ ಟೆಲಿವಿಷನ್ ಕ್ಯಾಮೆರಾ, ಕಿವಿಗೆ ಮೈಕ್ರೋಫೋನು, ಬಾಯಿಗೆ ಧ್ವನಿವರ್ಧಕ, ಕಾಲಿಗೆ ಚಕ್ರ, ಕೈಗೆ ಹಿಡಿದು ಎತ್ತುವ ಸಲಕರಣೆ, ಜೊತೆಗೆ ವಿದ್ಯುತ್ತಿನ ಮೆದುಳು. ನಮ್ಮ ಶಾಸ್ತ್ರಗಳ ಭಾಷೆಯಲ್ಲಿ ಹೇಳುವುದಾದರೆ ಜ್ಞಾನೇಂದ್ರಿಯಗಳನ್ನೂ ಕರ್ಮೇಂದ್ರಿಯಗಳನ್ನೂ ಕೊಟ್ಟು, ಊರುಕೇರಿಗಳಲ್ಲಿ ತಿರುಗಾಡಲು ಬಿಟ್ಟು, ತಾನೇ ಕಲಿಯಲು ಅವಕಾಶ ಕೊಡುವುದು. ಅಷ್ಟಾದರೂ ಊಟ, ಆಟ, ಕಾಮ ಮುಂತಾದ ಮನುಷ್ಯನ ಆಸಕ್ತಿಗಳು ಅದಕ್ಕೆ ಇರಲಾರವು ಎಂಬುದನ್ನೂ ಅವರು ಗಮನಿಸಿದರು. ಈ ದಾರಿ ಗಟ್ಟಿಯಾದದ್ದೇ ಆದರೂ ನಿಧಾನವಾದದ್ದು, ಆಗಿನ ಮಟ್ಟಿಗೆ ಆಗದ ಕೆಲಸ ಎಂಬುದು ಅವರ ತೀರ್ಮಾನ.

ಆದುದರಿಂದ ಅವರು ಎರಡನೆಯ ದಾರಿಯನ್ನು ಹಿಡಿದರು. ಮೈಯಿಲ್ಲದ ಮೆದುಳನ್ನು ಮಾಡಿ, ಹೊರಜಗತ್ತಿನ ಸಂಪರ್ಕ ಹೆಚ್ಚಾಗಿ ಬೇಡದ ಕೆಲಸಗಳನ್ನು ಅದಕ್ಕೆ ಒಪ್ಪಿಸುವುದು. ಚದುರಂಗದಂಥ ಆಟಗಳು, ಭಾಷೆ ಕಲಿಯುವುದು, ಭಾಷಾಂತರ, ಗುಪ್ತಲಿಪಿ, ಗಣಿತ ಎಂದು ಪಟ್ಟಿ ಮಾಡಿದರು. ಇವುಗಳಲ್ಲಿ ಭಾಷೆಯನ್ನು ಕಲಿಯುವುದೇ ಎಲ್ಲಕ್ಕಿಂತ ಮಾನವೀಯವಾದದ್ದೆಂದು ಒಪ್ಪಿಕೊಂಡು, ಆದರೆ ಅದು ಇಂದ್ರಿಯಗಳನ್ನೂ ಚಲನೆಯನ್ನೂ ತೀರ ಅವಲಂಬಿಸಿರುವುದರಿಂದ ಸಾಧ್ಯವಾಗಲಾರದೆಂದು ಸಂದೇಹಪಟ್ಟರು. ಮೈಯನ್ನು ಅವರು ಬಿಟ್ಟದ್ದು ಅದು ಬೇಡವೆಂದಲ್ಲ, ಸದ್ಯಕ್ಕೆ ಕೈಲಾಗದೆಂದು. ಬಿಟ್ಟದ್ದರ ಬೆಲೆಯನ್ನೂ ಅವರು ಪಕ್ಕದಲ್ಲೇ ಬರೆದಿಟ್ಟರು. ಅವರ ಹಿಂದೆ ಬಂದ ಅನೇಕರು ಬಿಟ್ಟದ್ದನ್ನು ನೆನಪಿಟ್ಟುಕೊಂಡರು, ಬೆಲೆಯನ್ನು ಮರೆತರು.

1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬಂದ ಟ್ಯೂರಿಂಗ್ ಅವರಿಗೆ ಅಲ್ಲಿ ಜೆಫರ್ಸನ್ ಎಂಬ ಮೆದುಳಿನ ಶಸ್ತ್ರವೈದ್ಯರೊಡನೆ ವಾದ ನಡೆಯಿತು. ತಾನೇ ಅನುಭವಿಸಿದ ಭಾವದಿಂದ ಕವಿತೆ ಕಟ್ಟುವವರೆಗೆ ಯಂತ್ರವನ್ನು ಮೆದುಳಿಗೆ ಸಮವೆಂದು ಒಪ್ಪಲಾಗದೆಂಬುದು ವೈದ್ಯರ ಪಕ್ಷ. 1950ರಲ್ಲಿ ಟ್ಯೂರಿಂಗ್ ಅವರು ಮೈಂಡ್ ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಯಂತ್ರವನ್ನೂ ಮನುಷ್ಯನನ್ನೂ ಬೇರೆ ಕೋಣೆಯಲ್ಲಿರಿಸಿ, ಟೈಪು ಮಾಡಿದ ಉತ್ತರಗಳಿಂದ ಮಾತ್ರವೇ ಯಾರು ಯಾವುದೆಂದು ಗುರುತಿಸುವ ಆಟವನ್ನು ಅದರಲ್ಲಿ ಹೂಡಿದರು. ಮುಖ, ಬಣ್ಣ, ದನಿಗಳನ್ನು ನೋಡಿ ಬುದ್ಧಿಯನ್ನು ಅಳೆಯಬಾರದೆಂಬ ನ್ಯಾಯಬುದ್ಧಿ ಈ ಆಟದಲ್ಲಿದೆ. ಅದೇ ಲೇಖನದ ಕೊನೆಯಲ್ಲಿ, ದೊಡ್ಡವರ ಮೆದುಳನ್ನು ಕಟ್ಟುವುದಕ್ಕಿಂತ ಮಗುವಿನ ಮೆದುಳನ್ನು ಕಟ್ಟಿ ಪಾಠ ಹೇಳಬಹುದೆಂದರು. ಆ ಮಗುವಿಗೆ ಕಾಲುಗಳಿಲ್ಲದ ಕಾರಣ ಹೋಗಿ ಇದ್ದಿಲು ತುಂಬಿಕೊಂಡು ಬಾ ಎಂದು ಹೇಳಲಾಗದೆಂದು ತಮಾಷೆ ಮಾಡಿದರು. ಕಣ್ಣುಕಿವಿಗಳಿಲ್ಲದೆ ಕಲಿತ ಹೆಲೆನ್ ಕೆಲರ್ ಅವರನ್ನು ಉದಾಹರಣೆಯಾಗಿ ಕೊಟ್ಟರು.

ಈ ಉದಾಹರಣೆಯನ್ನು ನಾನು ಬಹಳ ಯೋಚಿಸಿದ್ದೇನೆ. ಹೆಲೆನ್ ಕೆಲರ್ ಅವರಿಗೆ ಕಣ್ಣು, ಕಿವಿ ಇರಲಿಲ್ಲ ನಿಜ. ಆದರೆ ಆಕೆಗೆ ಮೊದಲ ಪದದ ಅರ್ಥ ಹೊಳೆದದ್ದು ಒಂದು ಕೈಯ ಮೇಲೆ ಪಂಪಿನ ತಣ್ಣೀರು ಹರಿಯುತ್ತಿದ್ದಾಗ, ಇನ್ನೊಂದು ಅಂಗೈಯಲ್ಲಿ ಗುರುವಿನ ಬೆರಳು ಅಕ್ಷರಗಳನ್ನು ಕೂಡಿಸುತ್ತಿದ್ದಾಗ. ಎರಡು ಇಂದ್ರಿಯಗಳು ಮುಚ್ಚಿದ್ದರೂ ಮೈ ತೆರೆದಿತ್ತು. ಟ್ಯೂರಿಂಗ್ ಅವರೂ ಆ ಬಾಗಿಲನ್ನು ಪೂರ್ತಿಯಾಗಿ ಮುಚ್ಚಲಿಲ್ಲ. ಚದುರಂಗದಿಂದ ಆರಂಭಿಸಬಹುದು, ಇಲ್ಲವೆ ದುಡ್ಡಿಗೆ ಸಿಗುವ ಅತ್ಯುತ್ತಮ ಇಂದ್ರಿಯಗಳನ್ನು ಯಂತ್ರಕ್ಕೆ ಕೊಟ್ಟು ಮಗುವಿಗೆ ಕಲಿಸಿದಂತೆ ವಸ್ತುಗಳನ್ನು ತೋರಿಸಿ ಹೆಸರು ಹೇಳಿಕೊಡಬಹುದು; ಎರಡನ್ನೂ ಪ್ರಯತ್ನಿಸೋಣ ಎಂದು ಲೇಖನವನ್ನು ಮುಗಿಸಿದರು.

ಮುಂದೆ ನಡೆದ ಚರಿತ್ರೆ ವಿಚಿತ್ರವಾದದ್ದು. ಚದುರಂಗದ ದಾರಿ ಗೆದ್ದಿತು. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ವಿಶ್ವವಿಜೇತ ಕಾಸ್ಪರೋವ್ ಅವರನ್ನು ಸೋಲಿಸಿತು. ಆದರೆ ಆ ಯಂತ್ರದ ಪರವಾಗಿ ಎದುರಿಗೆ ಕುಳಿತು ಕಾಯಿಗಳನ್ನು ಎತ್ತಿಡಲು ಒಬ್ಬ ಮನುಷ್ಯನೇ ಬೇಕಾಯಿತು. ಜಗಜಟ್ಟಿಯನ್ನು ಸೋಲಿಸುವುದು ಸುಲಭ, ಒಂದು ವರ್ಷದ ಮಗುವಿನಂತೆ ಎದ್ದು ನಡೆಯುವುದು, ಬಟ್ಟಲನ್ನು ಹಿಡಿಯುವುದು ಕಷ್ಟ ಎಂಬುದು 1980ರ ದಶಕದಲ್ಲೇ ಯಂತ್ರಮಾನವರ ಕೆಲಸ ಮಾಡುವವರಿಗೆ ತಿಳಿದುಬಂದಿತ್ತು. ಇನ್ನೂ ಆಶ್ಚರ್ಯವೆಂದರೆ, ಮೈಯಿಲ್ಲದೆ ಆಗಲಾರದೆಂದು ಟ್ಯೂರಿಂಗ್ ಅವರು ಶಂಕಿಸಿದ ಭಾಷೆಯೇ ನಮ್ಮ ಕಾಲದಲ್ಲಿ ಯಂತ್ರಕ್ಕೆ ಒಲಿದಿದೆ. ಇಂದಿನ ಭಾಷಾಯಂತ್ರಗಳು ಅಪಾರವಾದ ಬರಹವನ್ನು ನುಂಗಿ, ಕೇಳಿದ್ದಕ್ಕೆ ನಯವಾಗಿ ಉತ್ತರ ಬರೆಯುತ್ತವೆ.

ಹಾಗಾದರೆ ಟ್ಯೂರಿಂಗ್ ಅವರ ಶಂಕೆ ಸುಳ್ಳಾಯಿತೆ? ಅರ್ಧ ಸುಳ್ಳಾಯಿತೆಂದು ನನ್ನ ಅಭಿಪ್ರಾಯ. ಯಂತ್ರಕ್ಕೆ ಮೈ ಇಲ್ಲ. ಆದರೆ ಅದು ಓದಿದ ಬರಹವನ್ನು ಬರೆದವರಿಗೆಲ್ಲ ಮೈ ಇತ್ತು. ಸುಟ್ಟ ಬೆರಳು, ಮಳೆಯ ವಾಸನೆ, ಹಲಸಿನ ಮೇಣ ಅಂಟಿದ ಕೈ, ಇವೆಲ್ಲ ಯಾರದೋ ಅನುಭವವಾಗಿ ಅಕ್ಷರಕ್ಕಿಳಿದು ಅದಕ್ಕೆ ಸಾಲವಾಗಿ ದೊರೆತಿವೆ. ಎಲ್ಲಿ ಬರಹ ಹೇರಳವೋ ಅಲ್ಲಿ ಆ ಸಾಲ ಚೆನ್ನಾಗಿ ನಡೆಯುತ್ತದೆ. ಎಲ್ಲಿ ತಿಳಿವಳಿಕೆ ಕೈಯಲ್ಲೇ ಉಳಿದಿದೆಯೋ, ಬಾಯಿಂದ ಬಾಯಿಗೆ ಮಾತ್ರ ಸಾಗಿದೆಯೋ, ಅಲ್ಲಿ ಯಂತ್ರದ ಗಂಟು ಖಾಲಿ. ಪೀಣ್ಯದ ಲೇತಿನ ಮುಂದೆ ನಿಂತವನ ಕನ್ನಡ, ರಾಗಿಮುದ್ದೆ ತಿರುವುವವಳ ಕೈಹದ ಎಷ್ಟು ಮಟ್ಟಿಗೆ ಬರಹಕ್ಕೆ ಬಂದಿದೆ? ಯಂತ್ರದ ಅಜ್ಞಾನವೆಂದು ನಾವು ನಗುವುದರಲ್ಲಿ ನಮ್ಮ ಅಲಕ್ಷ್ಯದ ಪಾಲೂ ಇದೆ.

ನಮ್ಮ ದೇಶದಲ್ಲಿ ಈ ವಿಚಾರವನ್ನು ಮನಗಂಡವರು ಇರಲಿಲ್ಲವೆಂದಲ್ಲ. ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿ ಭಾರತದ ಮೊದಮೊದಲ ಗಣಕಯಂತ್ರವಾದ ಟಿಫ್ರ್ಯಾಕನ್ನು ಕಟ್ಟಿದ ತಂಡದ ಮುಂದಾಳು, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2007ರಲ್ಲಿ ತೀರಿಕೊಂಡ ಆರ್. ನರಸಿಂಹನ್ ಅವರು, ಮಕ್ಕಳು ದೊಡ್ಡವರೊಡನೆ ಒಡನಾಡುತ್ತ ಮಾತು ಕಲಿಯುವ ಬಗೆಯನ್ನು ಬಹುಕಾಲ ಅಭ್ಯಾಸ ಮಾಡಿದರು. ಭಾಷೆಯೆಂಬುದು ಬರಿಯ ವಾಕ್ಯಗಳ ಲೆಕ್ಕವಲ್ಲ, ಲೋಕದಲ್ಲಿ ನಡೆದುಕೊಳ್ಳುವ ಒಂದು ರೀತಿ ಎಂಬುದು ಅವರ ದೃಷ್ಟಿ. ಈಗ ಟ್ಯೂರಿಂಗ್ ಅವರು ಬದಿಗಿಟ್ಟ ಮೊದಲನೆಯ ದಾರಿಗೆ ಜಗತ್ತು ಮತ್ತೆ ಬರುತ್ತಿದೆ. ನೆರೆಯ ತಮಿಳುನಾಡಿನ ಕರೂರಿನಲ್ಲಿ 2025ರಲ್ಲಿ ಕೆಲಸಗಾರರು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ಟವೆಲು ಮಡಚುತ್ತಿದ್ದರು. ಅವರ ಕೈಯ ಪ್ರತಿಯೊಂದು ಚಲನೆಯೂ ಯಂತ್ರಮಾನವನಿಗೆ ಪಾಠವಾಗುತ್ತದೆ. ಕೈಗೆ ಬುದ್ಧಿಯಿಲ್ಲವೆಂದು ಶತಮಾನಗಳ ಕಾಲ ಹೇಳಿದ ಲೋಕವು ಇಂದು 1936ರ ಗುಮಾಸ್ತನನ್ನು ನೋಡಿದಂತೆಯೇ ಅದೇ ಕೈಯ ಮುಂದೆ ಶಿಷ್ಯನಾಗಿ ಕುಳಿತಿದೆ. ಗುರುದಕ್ಷಿಣೆ ಎಷ್ಟೆಂಬುದು ಮಾತ್ರ ಇನ್ನೂ ತೀರ್ಮಾನವಾಗಬೇಕಾದ ವಿಷಯ.

ಟ್ಯೂರಿಂಗ್ ಅವರ ಬಾಳಿನ ಕೊನೆಯ ಭಾಗವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1951ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಮರುವರ್ಷವೇ, ಒಬ್ಬ ತರುಣನೊಡನೆ ಪ್ರೇಮಸಂಬಂಧವಿತ್ತೆಂಬ ಕಾರಣಕ್ಕೆ ಆಗಿನ ಇಂಗ್ಲೆಂಡಿನ ಕಾನೂನಿನಂತೆ ಅಪರಾಧಿಯೆಂದು ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಸೆರೆಮನೆಗೆ ಬದಲಾಗಿ ಒಂದು ವರ್ಷ ಹಾರ್ಮೋನು ಚಿಕಿತ್ಸೆಯನ್ನು ಅವರು ಒಪ್ಪಿಕೊಂಡರು. ಮ್ಯಾರಥಾನ್ ಓಡಿದ ಆ ಮೈ ಔಷಧದಿಂದ ರೂಪಗೆಟ್ಟಿತು. ಯುದ್ಧದಲ್ಲಿ ಅವರ ಬುದ್ಧಿಯ ಸೇವೆಯನ್ನು ಪಡೆದ ಸರಕಾರವೇ ಶಾಂತಿಕಾಲದಲ್ಲಿ ಅವರ ಮೈಯನ್ನು ಶಿಕ್ಷಿಸಿತು. ಬುದ್ಧಿ ಬೇರೆ ಮೈ ಬೇರೆ ಎಂದು ಮನುಷ್ಯನನ್ನು ಸೀಳಿ ನೋಡಿದರೆ ಎಂಥ ಅನ್ಯಾಯ ನಡೆಯಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆ ಕಾಲದಲ್ಲಿಯೇ ಅವರ ಶೋಧನೆಯು ಮೈಯ ಕಡೆಗೆ ತಿರುಗಿತ್ತೆಂಬುದು ಮನಕರಗಿಸುವ ಸಂಗತಿ. ಒಂದೇ ಬಗೆಯ ಜೀವಕಣಗಳ ಗುಂಪಿನಿಂದ ಅಂಗಾಂಗಗಳ ಆಕಾರ ಮೂಡುವುದು ಹೇಗೆ, ಹಸುವಿನ ಮೈಮೇಲೆ ಮಚ್ಚೆಗಳು ಬೀಳುವುದು ಹೇಗೆ ಎಂದು ಕೇಳಿದರು. ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡುತ್ತ ಒಂದನ್ನೊಂದು ಹೆಚ್ಚಿಸಿ ತಗ್ಗಿಸುವಾಗ, ಸಮನಾಗಿದ್ದ ಕಡೆ ತಾನಾಗಿಯೇ ಚುಕ್ಕೆಗಳೂ ಪಟ್ಟೆಗಳೂ ಏಳಬಲ್ಲುವೆಂದು 1952ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಸೂರ್ಯಕಾಂತಿಯ ಬೀಜಗಳ ಸುರುಳಿಯನ್ನು ಮ್ಯಾಂಚೆಸ್ಟರಿನ ಗಣಕಯಂತ್ರದಿಂದ ಲೆಕ್ಕ ಹಾಕುತ್ತಿದ್ದರು. ಆ ಕೆಲಸ ಅರ್ಧಕ್ಕೇ ನಿಂತಿತು. 1954ರ ಜೂನ್ 7ರಂದು, ಇನ್ನೂ 42 ತುಂಬುವ ಮೊದಲೇ, ಸಯನೈಡು ವಿಷದಿಂದ ಅವರು ತೀರಿಕೊಂಡರು. ವಿಚಾರಣೆಯಲ್ಲಿ ಆತ್ಮಹತ್ಯೆಯೆಂದು ತೀರ್ಪಾಯಿತು. ಪ್ರಯೋಗದ ವೇಳೆಯ ಅಚಾತುರ್ಯವೆಂದು ತಾಯಿ ಕೊನೆಯವರೆಗೂ ನಂಬಿದರು.

2009ರಲ್ಲಿ ಬ್ರಿಟಿಷ್ ಪ್ರಧಾನಮಂತ್ರಿಗಳು ದೇಶದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯವರು ಕ್ಷಮಾದಾನ ನೀಡಿದರು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚಾಯಿತು. ಬ್ರಿಟಿಷರು 1860ರಲ್ಲಿ ನಮ್ಮ ಮೇಲೆ ಹೊರಿಸಿ ಹೋದ ಅದೇ ಜಾತಿಯ ಕಾನೂನು ವಯಸ್ಕರ ಒಪ್ಪಿಗೆಯ ಸಂಬಂಧಗಳಿಗೆ ಅನ್ವಯಿಸದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು.

ಮಿತ್ರರೇ, ನಮ್ಮಲ್ಲಿ ಅನೇಕರು ನಾಳೆ ಕೆಲಸ ಹುಡುಕಿಕೊಂಡು ಹೋಗುವುದು ಈ ಮೂರು ಉದ್ಯೋಗನಗರಗಳ ಕಡೆಗೇ. ಗಣಿತವನ್ನೂ ವಿಜ್ಞಾನವನ್ನೂ ಓದದ ನಮಗೆ ಬುದ್ಧಿಯಂತ್ರಗಳ ಕಾಲದಲ್ಲಿ ಏನು ಕೆಲಸವಿದೆ ಎಂದು ನಮ್ಮಲ್ಲೇ ಕೆಲವರು ಕುಗ್ಗುವುದನ್ನು ನೋಡಿದ್ದೇನೆ. ಟ್ಯೂರಿಂಗ್ ಅವರ ಜೀವನವನ್ನು ಓದಿದ ಮೇಲೆ ನನಗೆ ಕುಗ್ಗಬೇಕೆನಿಸುವುದಿಲ್ಲ. ಅವರು ಸದ್ಯಕ್ಕೆಂದು ಬದಿಗಿಟ್ಟ ಮೈಯ ತಿಳಿವಳಿಕೆ ನಮ್ಮ ಮನೆಗಳಲ್ಲಿ, ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ ಇನ್ನೂ ಹಾಗೆಯೇ ಇದೆ. ಅದನ್ನು ಬಲ್ಲವರ ಬಳಿ ಕುಳಿತು, ಅವರ ಮಾತಿನಲ್ಲೇ ಕೇಳಿ, ಅವರ ಹೆಸರಿನೊಡನೆ ಕನ್ನಡದಲ್ಲಿ ಬರೆದಿಡುವುದು ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯಗಳನ್ನು ಓದುವ ನಮ್ಮ ಕೆಲಸ. ಬರೆದಿಡಲಾಗದ ಭಾಗವೂ ಒಂದಿದೆ. ಅದನ್ನು ಕಲಿಯಬೇಕಾದರೆ ಅವರ ಪಕ್ಕದಲ್ಲಿ ನಿಂತು ನಾವೂ ಕೈ ಹಾಕಬೇಕು. ಬೇಸಗೆಯ ರಜೆ ಹತ್ತಿರದಲ್ಲಿದೆ. ನಮ್ಮ ಕಾಲೇಜಿನ ಹತ್ತು ಮಂದಿ ತಂತಮ್ಮ ಮನೆಯ ಒಂದೊಂದು ಕಸುಬನ್ನು ಹೀಗೆ ಕೇಳಿ ಬರೆದರೂ ಮುಂದಿನ ವರ್ಷದ ಈ ಸಂಚಿಕೆಗೆ ಹತ್ತು ಒಳ್ಳೆಯ ಲೇಖನಗಳು ದೊರೆತಂತಾಗುವುದು.